ಹಳೆಯ ಪಾತ್ರ, ಹೊಸ ಪುಸ್ತಕ: ನಡುವಿನ ವರ್ಷಗಳ ಲೆಕ್ಕ

ಒಂದು ಕಾದಂಬರಿ ಬಂದು ಎಷ್ಟೋ ವರ್ಷ ಆಗಿರುತ್ತದೆ. ಓದಿದವರು ಅದರ ಪಾತ್ರಗಳನ್ನು ಮರೆತಿರುವುದಿಲ್ಲ. ಅಷ್ಟರಲ್ಲಿ ಅದೇ ಲೇಖಕರ ಹೊಸ ಪುಸ್ತಕ ಬರುತ್ತದೆ. ತೆರೆದು ನೋಡಿದರೆ ಅದೇ ಮನೆ, ಅದೇ ಹುಡುಗಿ. ಈಗ ಅವಳ ತಲೆಯಲ್ಲಿ ನಾಲ್ಕು ಬಿಳಿ ಕೂದಲು. ಓದುಗರಿಗೆ ಖುಷಿ ಆಗುತ್ತದೆ, ಜೊತೆಗೆ ಸಣ್ಣ ಹೆದರಿಕೆಯೂ ಆಗುತ್ತದೆ. ಮೊದಲನೆಯದು ಅಷ್ಟು ಚೆನ್ನಾಗಿತ್ತು, ಇದು ಅದನ್ನು ಕೆಡಿಸಿಬಿಟ್ಟರೆ?

ಸಿನಿಮಾದಿಂದಾಗಿ ಈ ಮಾತು ಈಗ ಎಲ್ಲರ ಬಾಯಲ್ಲಿದೆ. 2022ರಲ್ಲಿ 'ಕಾಂತಾರ' ನೋಡಿದವರು 2025ರಲ್ಲಿ ಅದಕ್ಕೂ ಹಿಂದಿನ ಕಾಲದ ಕಥೆಯನ್ನು ನೋಡಿದರು. 'ಪಾರ್ಟ್ ಟು ಯಾವಾಗ?' ಅನ್ನುವುದು ದಿನದ ಮಾತಾಗಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾದಂಬರಿ ಓದುವ ಮತ್ತು ಬರೆಯಲು ಹೊರಟಿರುವ ಹುಡುಗ ಹುಡುಗಿಯರೂ ಇದನ್ನೇ ಕೇಳುತ್ತಾರೆ. ಮುಗಿದ ಕಥೆಗೆ ಲೇಖಕರು ಯಾಕೆ ಮತ್ತೆ ಹೋಗುತ್ತಾರೆ? ಹೋದರೆ ಏನೇನು ಕೆಲಸ ಮಾಡಬೇಕಾಗುತ್ತದೆ? ಪಾತ್ರದ ಮೇಲೆ ಹಕ್ಕು ಯಾರದು? ಎರಡು ಪುಸ್ತಕಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಒಂದೊಂದಾಗಿ ನೋಡೋಣ. ಇಷ್ಟು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇಂಥ ಪುಸ್ತಕದಲ್ಲಿ ಪಾತ್ರಕ್ಕಿಂತ ಕಷ್ಟದ ವಸ್ತು ಒಂದಿದೆ. ಅದು ಎರಡು ಪುಸ್ತಕಗಳ ನಡುವೆ ಕಳೆದುಹೋದ ವರ್ಷಗಳು.

ಮರಳುವ ಬಗೆಗಳು

ಎಲ್ಲರಿಗೂ ಗೊತ್ತಿರುವುದು ಮುಂದಿನ ಭಾಗ. ಮೊದಲ ಪುಸ್ತಕ ನಿಂತ ಜಾಗದಿಂದ, ಅಥವಾ ಅದಾಗಿ ಕೆಲವು ವರ್ಷ ಬಿಟ್ಟು, ಕಥೆ ಮುಂದಕ್ಕೆ ಹೋಗುತ್ತದೆ. ಇದಕ್ಕೆ ಸೀಕ್ವೆಲ್ ಅನ್ನುತ್ತಾರೆ. ಪೂರ್ವಕಥೆ ಇದಕ್ಕೆ ತಿರುಗಾ ಮುರುಗಾ. ಪುಸ್ತಕ ಬಂದದ್ದು ಆಮೇಲೆ, ಆದರೆ ಕಥೆ ನಡೆಯುವುದು ಮೊದಲನೆಯದಕ್ಕಿಂತ ಹಿಂದೆ. ಇದು ಪ್ರೀಕ್ವೆಲ್. ಇದರಲ್ಲಿ ಓದುಗರಿಗೆ ಕೊನೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಮುಂದೇನು ಅನ್ನುವುದಕ್ಕಿಂತ, ಇದು ಹೀಗೆ ಆದದ್ದು ಹೇಗೆ ಅನ್ನುವುದೇ ಓದಿಸಿಕೊಂಡು ಹೋಗಬೇಕು.

ಮೂರನೆಯದು ಮಾಲೆ. ತ.ರಾ.ಸು. ಅವರು ಚಿತ್ರದುರ್ಗದ ಪಾಳೆಯಗಾರರ ಮೇಲೆ ಕಾದಂಬರಿಗಳ ಸಾಲನ್ನೇ ಬರೆದರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರೂ ಒಂದೇ ಎಳೆಯಲ್ಲಿ ಸಾಗುತ್ತವೆ. ಆ ಸಾಲಿನ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1972ರ 'ನಾಗರಹಾವು' ಸಿನಿಮಾ ನಿಮಗೆ ನೆನಪಿರಬಹುದು. ಅದು ಒಂದೇ ಕಾದಂಬರಿಯಿಂದ ಹುಟ್ಟಿದ್ದಲ್ಲ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು.

ಇನ್ನೊಂದು ಬಗೆ ನನಗೆ ಬಹಳ ಇಷ್ಟ. ಅದರಲ್ಲಿ ನಾಯಕ ಬರುವುದಿಲ್ಲ. ಮೊದಲ ಪುಸ್ತಕದ ಮೂಲೆಯಲ್ಲಿ ನಿಂತಿದ್ದವರು ಮುಂದಿನದರಲ್ಲಿ ನಡುಮನೆಗೆ ಬರುತ್ತಾರೆ. ಫ್ರಾನ್ಸಿನ ಬಾಲ್ಜಾಕ್ 1830ರ ದಶಕದಲ್ಲಿ ಇದನ್ನೇ ಒಂದು ಪದ್ಧತಿ ಮಾಡಿಕೊಂಡ. ಒಂದು ಕಾದಂಬರಿಯಲ್ಲಿ ಬಡ ವಿದ್ಯಾರ್ಥಿಯಾಗಿದ್ದ ರಾಸ್ತಿನ್ಯಾಕ್ ಇನ್ನೊಂದರಲ್ಲಿ ದೊಡ್ಡ ಅಧಿಕಾರಸ್ಥನಾಗಿ ಸಿಗುತ್ತಾನೆ. ನಮ್ಮಲ್ಲಿ ತೇಜಸ್ವಿಯವರ ನಾಯಿ ಕಿವಿ 'ಕರ್ವಾಲೊ'ದಲ್ಲೂ ಇದೆ, 'ಪರಿಸರದ ಕತೆ'ಯಲ್ಲೂ ಇದೆ. ಮೊದಲನೆಯದನ್ನು ಓದಿದವರಿಗೆ ಎರಡನೆಯದರಲ್ಲಿ ಅದರ ಹೆಸರು ಕಂಡ ಕೂಡಲೇ ಮುಖ ಅರಳುತ್ತದೆ.

ಪಾತ್ರ ಬರುವುದಿಲ್ಲ, ಊರು ಮಾತ್ರ ಮರಳಿ ಬರುತ್ತದೆ ಎಂಬುದೂ ಉಂಟು. ಯಶವಂತ ಚಿತ್ತಾಲರ ಹನೇಹಳ್ಳಿ, ಆರ್.ಕೆ. ನಾರಾಯಣರ ಮಾಲ್ಗುಡಿ ಹಾಗೆ. ಅದು ಬೇರೆಯದೇ ವಿಷಯ, ಇಲ್ಲಿಗೆ ಬಿಡೋಣ.

ನಮ್ಮ ನೆಲಕ್ಕೆ ಇದು ಹೊಸದಲ್ಲ

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ 'ಆದಿಪುರಾಣ' ಬರೆಯುತ್ತಿದ್ದರು. ಮುಗಿಸುವ ಮೊದಲೇ ತೀರಿಕೊಂಡರು. ಶಿಷ್ಯ ಗುಣಭದ್ರ ಅದನ್ನು ಮುಗಿಸಿ, ಮುಂದಿನ ಕಥೆಯನ್ನು 'ಉತ್ತರಪುರಾಣ' ಎಂದು ಬರೆದ. ಕುಮಾರವ್ಯಾಸ ಮಹಾಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ. ಮಿಕ್ಕದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ.

ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನೇ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನಡೆದದ್ದನ್ನು ಹರಿಹರ ರಗಳೆ ಮಾಡಿದ. ಎಂಟು ನೂರು ವರ್ಷ ಆದ ಮೇಲೆ ಪಿ. ಲಂಕೇಶರು 'ಸಂಕ್ರಾಂತಿ' ಬರೆದರು, ಗಿರೀಶ ಕಾರ್ನಾಡರು 'ತಲೆದಂಡ' ಬರೆದರು. ಅದೇ ಬಸವಣ್ಣ, ಅದೇ ಬಿಜ್ಜಳ.

ಆದರೆ ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಭೀಮನೋ ಬಸವಣ್ಣನೋ ಯಾವ ಒಬ್ಬ ಲೇಖಕನ ಸ್ವಂತ ಪಾತ್ರವೂ ಅಲ್ಲ. ಊರಿಗೆಲ್ಲ ಸೇರಿದವರು. ಅವರನ್ನು ಯಾರು ಬೇಕಾದರೂ ಮತ್ತೆ ಬರೆಯಬಹುದು, ದೊಡ್ಡಾಟದಲ್ಲಿ ಕುಣಿಸಬಹುದು. ಕಾದಂಬರಿಯ ಪಾತ್ರ ಹಾಗಲ್ಲ. ಅದು ಒಬ್ಬರ ತಲೆಯಲ್ಲಿ ಹುಟ್ಟಿದ್ದು, ಒಂದು ಪುಸ್ತಕದಲ್ಲಿ ಬದುಕಿದ್ದು. ಆ ಪುಸ್ತಕದ ಆಚೆ ಅದಕ್ಕೆ ಏನಾಯಿತು ಎಂದು ನಿಜವಾಗಿ ಹೇಳಬಲ್ಲವರು ಒಬ್ಬರೇ ಎಂದು ಓದುಗರು ನಂಬಿರುತ್ತಾರೆ. ಅದಕ್ಕೇ ಆ ಲೇಖಕರೇ ಮರಳಿ ಬಂದಾಗ ನಿರೀಕ್ಷೆ ಇಷ್ಟು ಜಾಸ್ತಿ.

ಯಾಕೆ ಮರಳುತ್ತಾರೆ?

ಮೊದಲ ಕಾರಣ ಓದುಗರ ಒತ್ತಾಯ. ಆರ್ಥರ್ ಕಾನನ್ ಡಾಯ್ಲ್‌ಗೆ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್ ಸಾಕಾಗಿಬಿಟ್ಟಿದ್ದ. 1893ರ ಡಿಸೆಂಬರ್‌ನಲ್ಲಿ ಬಂದ ಕಥೆಯಲ್ಲಿ ಸ್ವಿಟ್ಜರ್ಲೆಂಡಿನ ಒಂದು ಜಲಪಾತದ ಬಳಿ ಅವನ ಕಥೆ ಮುಗಿಸಿದ. ಓದುಗರು ಒಪ್ಪಲಿಲ್ಲ. 1901ರಲ್ಲಿ ಹೋಮ್ಸ್ ಮತ್ತೆ ಬಂದ, ಆದರೆ ಜಾಣತನದಿಂದ. ಆ ಕಥೆ ಅವನ ಸಾವಿಗಿಂತ ಮೊದಲಿನದು ಎಂದಾಯಿತು. 1903ರಲ್ಲಿ ನಿಜವಾಗಿಯೇ ಬದುಕಿ ಬಂದ. ಅದು ಹೇಗೆ ಸಾಧ್ಯ ಆಯಿತು ಗೊತ್ತಾ? ಹತ್ತು ವರ್ಷದ ಹಿಂದೆ ಬರೆದ ಕಥೆಯಲ್ಲಿ ಹೋಮ್ಸ್‌ನ ಶವ ಸಿಕ್ಕಿತು ಎಂದು ಇರಲೇ ಇಲ್ಲ. ಹೆಜ್ಜೆ ಗುರುತು ನೋಡಿ, ಹೋಮ್ಸ್ ಮತ್ತು ಅವನ ಶತ್ರು ಇಬ್ಬರೂ ಬಿದ್ದು ಸತ್ತಿರಬೇಕು ಎಂದು ಗೆಳೆಯ ವಾಟ್ಸನ್ ಅಂದುಕೊಂಡಿದ್ದ, ಅಷ್ಟೇ. ಆ ಸಣ್ಣ ಸಂದಿಯಲ್ಲಿ ಡಾಯ್ಲ್ ತನ್ನ ನಾಯಕನನ್ನು ಹೊರಗೆ ತಂದ. ಇಂಥ ಬರವಣಿಗೆಯ ಮೊದಲ ಪಾಠ ಇಲ್ಲೇ ಇದೆ. ಓದುಗರು ಆಗಲೇ ಓದಿದ ಪುಟವನ್ನು ತಿದ್ದುವ ಹಾಗಿಲ್ಲ. ಅದು ಹೇಳದೆ ಬಿಟ್ಟದ್ದನ್ನು ಮಾತ್ರ ಬಳಸಿಕೊಳ್ಳಬಹುದು.

ಎರಡನೆಯ ಕಾರಣ ಇನ್ನೂ ಸ್ವಾರಸ್ಯದ್ದು. ಸ್ಪೇನಿನ ಸರ್ವಾಂಟಿಸ್ 1605ರಲ್ಲಿ 'ಡಾನ್ ಕಿಹೋಟೆ' ಪ್ರಕಟಿಸಿದ. ಮುಂದಿನ ಭಾಗ ಬರೆಯುತ್ತಿದ್ದಾಗ, 1614ರಲ್ಲಿ, ಬೇರೆ ಯಾರೋ ಸುಳ್ಳು ಹೆಸರಿಟ್ಟುಕೊಂಡು ಅದೇ ಪಾತ್ರಗಳ ಎರಡನೆಯ ಭಾಗವನ್ನು ಹೊರಗೆ ತಂದುಬಿಟ್ಟ. ಸರ್ವಾಂಟಿಸ್‌ಗೆ ಹೇಗಾಗಿರಬೇಡ! ಮರುವರ್ಷವೇ, 1615ರಲ್ಲಿ, ತನ್ನ ನಿಜವಾದ ಎರಡನೆಯ ಭಾಗ ತಂದ. ಅದರಲ್ಲಿ ಪಾತ್ರಗಳೇ ಮೊದಲ ಪುಸ್ತಕದ ಬಗ್ಗೆ ಮಾತಾಡುತ್ತವೆ, ಕಳ್ಳ ಪುಸ್ತಕವನ್ನು ಬಯ್ಯುತ್ತವೆ. ಆ ಕಳ್ಳ ಪುಸ್ತಕದಲ್ಲಿ ನಾಯಕ ಸರಗೋಸಾ ಊರಿಗೆ ಹೋಗಿದ್ದನಲ್ಲ, ಅದಕ್ಕೇ ಇಲ್ಲಿ ಆ ದಾರಿ ಬಿಟ್ಟು ಬಾರ್ಸಿಲೋನಾಕ್ಕೆ ಹೋಗುತ್ತಾನೆ. ಕೊನೆಗೆ ಸರ್ವಾಂಟಿಸ್ ನಾಯಕನನ್ನು ಸಾಯಿಸಿಯೇ ಬಿಟ್ಟ, ಇನ್ನು ಯಾರೂ ಅವನನ್ನು ಎಬ್ಬಿಸಿ ಕರೆದೊಯ್ಯಬಾರದು ಎಂದು. ನಾನೂರು ವರ್ಷ ಹಳೆಯ ಪುಸ್ತಕ ಇದು. ಪಾತ್ರ ಯಾರದು ಎಂಬ ಜಗಳ ಎಷ್ಟು ಹಳೆಯದು ನೋಡಿ.

ಮೂರನೆಯದು, ಕಾಲ ಬದಲಾದದ್ದು. ಅಮೆರಿಕದ ಜಾನ್ ಅಪ್‌ಡೈಕ್ ಹ್ಯಾರಿ ಆಂಗ್‌ಸ್ಟ್ರಾಮ್ ಎಂಬ ಒಬ್ಬ ಸಾಮಾನ್ಯ ಮನುಷ್ಯನ ಮೇಲೆ ಸುಮಾರು ಹತ್ತು ವರ್ಷಕ್ಕೊಂದರಂತೆ ನಾಲ್ಕು ಕಾದಂಬರಿ ಬರೆದರು: 1960, 1971, 1981, 1990. ಪಾತ್ರಕ್ಕೂ ಲೇಖಕರಿಗೂ ದೇಶಕ್ಕೂ ಒಟ್ಟಿಗೇ ವಯಸ್ಸಾಗುತ್ತ ಹೋಯಿತು. ಕೆನಡಾದ ಮಾರ್ಗರೆಟ್ ಅಟ್‌ವುಡ್ 1985ರ ತಮ್ಮ ಕಾದಂಬರಿಯ ಲೋಕಕ್ಕೆ 2019ರಲ್ಲಿ ಮರಳಿದರು, 34 ವರ್ಷ ಆದ ಮೇಲೆ. ಮೊದಲ ಪುಸ್ತಕದಲ್ಲಿ ಕಥೆ ಹೇಳಿದವಳು ದಬ್ಬಾಳಿಕೆಗೆ ಸಿಕ್ಕ ಹೆಣ್ಣು. ಎರಡನೆಯದರಲ್ಲಿ ಮೂವರು ಕಥೆ ಹೇಳುತ್ತಾರೆ. ಅವರಲ್ಲಿ ಒಬ್ಬಳು ಆ ದಬ್ಬಾಳಿಕೆಯನ್ನು ನಡೆಸಿದವಳೇ. ಪಾತ್ರ ಹಳೆಯದು, ನಿಂತು ನೋಡುವ ಜಾಗ ಹೊಸದು. ಆ ವರ್ಷದ ಬೂಕರ್ ಪ್ರಶಸ್ತಿಯನ್ನು ಅವರು ಬರ್ನಾರ್ಡಿನ್ ಎವರಿಸ್ಟೊ ಜೊತೆ ಹಂಚಿಕೊಂಡರು.

ಕಥೆಯೇ ಮುಗಿದಿರುವುದಿಲ್ಲ ಎಂಬ ಕಾರಣವೂ ಇದೆ. ಬಂಗಾಳಿಯ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು 1929ರ 'ಪಥೇರ್ ಪಾಂಚಾಲಿ'ಯಲ್ಲಿ ಹುಡುಗ ಅಪುವನ್ನು ಅವನ ಹಳ್ಳಿಯಿಂದ ಹೊರಗೆ ಕಳಿಸಿದರು. 1932ರ 'ಅಪರಾಜಿತೊ'ದಲ್ಲಿ ಅವನು ದೊಡ್ಡವನಾಗಿ, ತನ್ನ ಮಗನ ಕೈ ಹಿಡಿದು ಅದೇ ಹಳ್ಳಿಗೆ ಬರುತ್ತಾನೆ. ಎರಡನೆಯದು ಬಂದ ಮೇಲೆ ಮೊದಲನೆಯದರ ಅರ್ಥ ಇನ್ನಷ್ಟು ತುಂಬಿಕೊಂಡಿತು.

ಹಣ? ಅದೂ ಒಂದು ಕಾರಣವೇ. ಗೊತ್ತಿರುವ ಹೆಸರು ಸುಲಭವಾಗಿ ಮಾರಾಟವಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಒಂದು ಉದಾಹರಣೆ ಕಟ್ಟೋಣ: ಚಿತ್ತಾಪುರದ ಶರಣಮ್ಮ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮರಳುವಾಗ ಲೇಖಕರು ಏನು ಮಾಡುತ್ತಾರೆ? ಇದಕ್ಕೆ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಕಥೆ ನಡೆಯುವುದು 1998ರಲ್ಲಿ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಶರಣಮ್ಮನಿಗೆ 17 ವರ್ಷ. ಅಪ್ಪ ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಅಣ್ಣ ಮಲ್ಲಣ್ಣ, ಗೆಳತಿ ರೆಹಾನಾ. ಪಿಯುಸಿ ಪಾಸಾದ ಶರಣಮ್ಮ, ಮನೆಯವರ ಮಾತು ಮೀರಿ, ಬೆಳಗಿನ ಬಸ್ಸು ಹತ್ತುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಈಗ ಲೇಖಕರು ಅವಳನ್ನು 2024ಕ್ಕೆ ಕರೆತರಬೇಕು.

ನಾಗರ ಪಂಚಮಿಗೆ ತವರಿಗೆ ಬಂದ ಮಗಳನ್ನು ನೆನಪಿಸಿಕೊಳ್ಳಿ. ಮನೆ ಅದೇ, ಬಾಗಿಲು ಅದೇ. ಆದರೆ ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ ಬದಲಾಗಿದೆ, ಅತ್ತಿಗೆ ಇಟ್ಟದ್ದೇ ನಿಯಮವಾಗಿದೆ, ತನ್ನ ಹಾಸಿಗೆಯ ಮೂಲೆಯಲ್ಲಿ ತೊಗರಿ ಚೀಲಗಳು ನಿಂತಿವೆ. ಇವಳೂ ಬದಲಾಗಿ ಬಂದಿದ್ದಾಳೆ. ಎರಡನೆಯ ಪುಸ್ತಕಕ್ಕೆ ಬರುವ ಪಾತ್ರದ ಸ್ಥಿತಿ ಇದೇ. ಲೇಖಕರು ಎರಡೂ ಕಡೆಯ ಬದಲಾವಣೆಯ ಲೆಕ್ಕ ಇಡಬೇಕು.

ಮೊದಲು ವಯಸ್ಸು. 1998ಕ್ಕೆ 17 ಅಂದರೆ 2024ಕ್ಕೆ 43. ಅಪ್ಪ ಬದುಕಿದ್ದಾನಾ? ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದವನ ಎದೆ ಹೇಗಿರುತ್ತದೆ? ರೆಹಾನಾಳ ಮಕ್ಕಳು ಯಾವ ಕಾಲೇಜು? ಮೊದಲ ಪುಸ್ತಕದಲ್ಲಿ ಎಂಟು ವರ್ಷದ ಹುಡುಗನಾಗಿದ್ದವನಿಗೆ ಈಗ 34. ಒಬ್ಬೊಬ್ಬರ ವಯಸ್ಸನ್ನೂ ಬರೆದಿಟ್ಟುಕೊಳ್ಳದೆ ಈ ಕೆಲಸ ಆಗುವುದಿಲ್ಲ.

ಆಮೇಲೆ ಊರು. ಇಲ್ಲಿ ನಮ್ಮ ಭಾಗದ ಲೇಖಕರಿಗೆ ಕೆಲಸ ಬಹಳ ಇದೆ, ಯಾಕೆಂದರೆ ಇಲ್ಲಿ ಹೆಸರುಗಳೇ ಬದಲಾಗಿವೆ. ಶರಣಮ್ಮ ಬಸ್ಸು ಹತ್ತಿದ್ದು ಗುಲಬರ್ಗಾಕ್ಕೆ. ಸರ್ಕಾರಿ ದಾಖಲೆಯಲ್ಲಿ ಅದು ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅವಳು ಹತ್ತಿದ್ದು ಕೆಎಸ್‌ಆರ್‌ಟಿಸಿ ಬಸ್ಸು. 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಸಂಸ್ಥೆ ಬೇರೆ ಆಯಿತು, 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಸಾರಿಗೆ ಆಯಿತು. ಮೊದಲ ಪುಸ್ತಕದಲ್ಲಿ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕು, 2009ರ ಕೊನೆಗೆ ಬೇರೆ ಜಿಲ್ಲೆ ಆಯಿತು. ಶಹಾಬಾದ್ ಈಗ ಬೇರೆಯೇ ತಾಲ್ಲೂಕು. ಆಗ ಗುಲಬರ್ಗಾದಿಂದ ಬೀದರಿಗೆ ಹೋಗಬೇಕಾದರೆ ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕಲಬುರಗಿ–ಬೀದರ್ ರೈಲು ದಾರಿಯ ಉದ್ಘಾಟನೆ ಆದದ್ದು 2017ರ ಅಕ್ಟೋಬರ್‌ನಲ್ಲಿ. ಎರಡು ವರ್ಷ ಬಿಟ್ಟು, 2019ರ ನವೆಂಬರ್‌ನಲ್ಲಿ, ಕಲಬುರಗಿಗೆ ವಿಮಾನವೂ ಬಂತು. ಅದೇ ವರ್ಷ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು.

ಇದೆಲ್ಲ ಸುಮ್ನೆ ಹಿನ್ನೆಲೆಯ ಬಣ್ಣ ಅನ್ನಿಸಬಹುದು. ಆದರೆ ಇವುಗಳಿಂದ ಕಥೆಯೇ ತಿರುಗುತ್ತದೆ. ಸಂವಿಧಾನದ 371ಜೆ ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಈ ಭಾಗದವರಿಗೆ ಓದಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. 1998ರಲ್ಲಿ ಪಿಯುಸಿ ಮುಗಿಸಿದ ಶರಣಮ್ಮನಿಗೆ ಅದು ಇರಲಿಲ್ಲ. ಮಲ್ಲಣ್ಣನ ಮಗಳಿಗೆ ಇದೆ. ಅತ್ತೆಗೆ ಸಿಗದ ಸೀಟು ಸೊಸೆಗೆ ಸಿಕ್ಕಿದೆ, ಒಂದು ಸರ್ಟಿಫಿಕೇಟಿನ ಬಲದಿಂದ. ಆ ಇಬ್ಬರನ್ನು ಒಂದೇ ಪಡಸಾಲೆಯಲ್ಲಿ ಕೂರಿಸಿದರೆ ಸಾಕು, ಒಂದು ಅಧ್ಯಾಯ ತಾನೇ ಹುಟ್ಟುತ್ತದೆ. ಲೇಖಕರು ಇದನ್ನು ಮೊದಲ ಪುಸ್ತಕ ಬರೆಯುವಾಗ ಊಹಿಸುವುದೂ ಸಾಧ್ಯವಿರಲಿಲ್ಲ. ನಡುವಿನ ವರ್ಷಗಳು ಕೊಟ್ಟ ವಸ್ತು ಇದು.

ಮೂರನೆಯದು ಮಾತು. ಈ ಸೀಮೆಯ ಕಾದಂಬರಿಗೆ ಇಲ್ಲಿನ ಮಾತೇ ಜೀವ. ಗೀತಾ ನಾಗಭೂಷಣ ಅವರ 'ಬದುಕು' ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಶರಣಮ್ಮ ಇಷ್ಟು ವರ್ಷ ಬೆಂಗಳೂರಿನಲ್ಲಿ ಇದ್ದಳು ಎನ್ನೋಣ. ಆಫೀಸಿನಲ್ಲಿ 'ಹೋಗ್ತಾ ಇದೀನಿ' ಅನ್ನುವುದು ಅವಳಿಗೆ ರೂಢಿ ಆಗಿದೆ. ಅವ್ವನ ಜೊತೆ ಫೋನಿನಲ್ಲಿ ಮಾತ್ರ 'ಹೊಂಟೀನಿ' ಬರುತ್ತದೆ. ಊರಿಗೆ ಬಂದ ದಿನ ರೆಹಾನಾ 'ಏನ್ ಮಾಡ್ಲಕತ್ತೀಯವ್ವಾ ಇಷ್ಟ್ ದಿನ?' ಎಂದು ಕೇಳಿದಾಗ ಇವಳ ಬಾಯಿಂದ ಯಾವ ಕನ್ನಡ ಬರುತ್ತದೆ? ಆ ಒಂದು ಉತ್ತರದಲ್ಲಿ ಇಪ್ಪತ್ತಾರು ವರ್ಷ ಕಾಣಬೇಕು. ಅದನ್ನು ಹೇಗೆ ಬರೆಯುತ್ತಾರೆ ಎಂಬುದರಲ್ಲಿ ಒಳ್ಳೆಯ ಲೇಖಕರು ಗೊತ್ತಾಗುತ್ತಾರೆ ಎಂದು ನನಗನ್ನಿಸುತ್ತದೆ.

ನಾಲ್ಕನೆಯದು ನೆನಪು. ಮೊದಲ ಪುಸ್ತಕದಲ್ಲಿ ನಡೆದದ್ದನ್ನು ಓದುಗರು ಓದಿದ್ದಾರೆ. ಶರಣಮ್ಮ ಅದನ್ನು ಬದುಕಿದ್ದಾಳೆ. ಆದರೆ ಇಷ್ಟು ವರ್ಷದ ಮೇಲೆ ಅವಳಿಗೆ ಎಲ್ಲ ಸರಿಯಾಗಿ ನೆನಪಿರಬೇಕಾಗಿಲ್ಲ. ಅಣ್ಣ ಬಸ್‌ಸ್ಟ್ಯಾಂಡಿಗೆ ಬರಲೇ ಇಲ್ಲ ಎಂದು ಅವಳು ನಂಬಿರಬಹುದು. ಬಂದಿದ್ದ, ದೂರ ನಿಂತಿದ್ದ ಎಂದು ಓದುಗರಿಗೆ ಗೊತ್ತಿರಬಹುದು. ಪಾತ್ರಕ್ಕೆ ಗೊತ್ತಿಲ್ಲದ್ದು ಓದುಗರಿಗೆ ಗೊತ್ತಿದ್ದರೆ ಪುಸ್ತಕಕ್ಕೆ ದೊಡ್ಡ ಬಲ ಬರುತ್ತದೆ. ಈ ಅನುಕೂಲ ಮೊದಲ ಕಾದಂಬರಿಗೆ ಇರುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು, ಗೊತ್ತಿದ್ದವರಿಗೆ ಬೇಸರ ಆಗಬಾರದು

ಎರಡನೆಯ ಪುಸ್ತಕವನ್ನು ಎರಡು ಬಗೆಯ ಜನ ತೆರೆಯುತ್ತಾರೆ. ಕೆಲವರಿಗೆ ಹಳೆಯ ಕಥೆ ಬಾಯಿಪಾಠ. ಕೆಲವರಿಗೆ ಶರಣಮ್ಮ ಯಾರೆಂದೇ ಗೊತ್ತಿಲ್ಲ. ಮೊದಲ ಅಧ್ಯಾಯದಲ್ಲೇ ಹಿಂದಿನದನ್ನೆಲ್ಲ ಸಾರಾಂಶ ಮಾಡಿ ಹೇಳಿದರೆ ಹಳಬರಿಗೆ ಬೇಸರ. ಹೇಳದೆ ಬಿಟ್ಟರೆ ಹೊಸಬರು ದಾರಿ ತಪ್ಪುತ್ತಾರೆ.

ಅನುಭವಿ ಲೇಖಕರು ಇದನ್ನು ಚೂರು ಚೂರಾಗಿ ಕೊಡುತ್ತಾರೆ. ಅವ್ವ ಜಗಳದಲ್ಲಿ 'ಅವತ್ತ ಬಸ್ ಹತ್ತಿ ಹ್ವಾದಾಕಿ ನೀನು' ಎಂದು ಅಂದುಬಿಟ್ಟರೆ ಸಾಕು. ಹೊಸಬರಿಗೆ ವಿಷಯ ತಿಳಿಯಿತು, ಹಳಬರಿಗೆ ಆ ಕೊನೆಯ ಪುಟ ಕಣ್ಣ ಮುಂದೆ ಬಂತು. ಒಂದೇ ಸಾಲು ಇಬ್ಬರಿಗೂ ಕೆಲಸ ಮಾಡಿತು.

ಸಣ್ಣ ತಪ್ಪುಗಳನ್ನು ಓದುಗರು ಹಿಡಿದೇ ಹಿಡಿಯುತ್ತಾರೆ. ಹೋಮ್ಸ್ ಕಥೆಗಳಲ್ಲಿ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ಬಿದ್ದದ್ದು 1887ರ ಪುಸ್ತಕದಲ್ಲಿ ಭುಜಕ್ಕೆ, 1890ರ ಪುಸ್ತಕದಲ್ಲಿ ಕಾಲಿಗೆ. ಅದರ ಬಗ್ಗೆ ಅಭಿಮಾನಿಗಳು ಇವತ್ತಿಗೂ ಚರ್ಚೆ ಮಾಡುತ್ತಾರೆ. ಸರ್ವಾಂಟಿಸ್‌ನ ಮೊದಲ ಮುದ್ರಣದಲ್ಲಿ ನಾಯಕನ ಸಂಗಡಿಗ ಸಾಂಚೊ ಪಾಂಜಾನ ಕತ್ತೆ ಒಮ್ಮೆಲೇ ಇಲ್ಲವಾಗುತ್ತದೆ. ಯಾರು ಕದ್ದರು ಎಂದು ಹೇಳುವುದೇ ಇಲ್ಲ. ಮುಂದೆ ನೋಡಿದರೆ ಕತ್ತೆ ಮತ್ತೆ ಇದೆ! ಹತ್ತು ವರ್ಷದ ನಂತರ, ಎರಡನೆಯ ಭಾಗದಲ್ಲಿ, ಒಬ್ಬ ಪಾತ್ರ ಸಾಂಚೊನನ್ನೇ ಇದರ ಬಗ್ಗೆ ಕೇಳುತ್ತಾನೆ. ಕಳುವಾದ ಕಥೆಯನ್ನು ಸಾಂಚೊ ವಿವರಿಸುತ್ತಾನೆ, ಉಳಿದದ್ದು ಅಚ್ಚು ಹಾಕಿದವನ ತಪ್ಪು ಇರಬೇಕು ಅನ್ನುತ್ತಾನೆ. ಆದ ತಪ್ಪನ್ನೇ ಕಥೆಯ ಭಾಗ ಮಾಡಿಕೊಂಡ ಜಾಣತನ ಅದು.

ಇದನ್ನು ತಪ್ಪಿಸಲು ಸುಲಭದ ದಾರಿ ಇದೆ. ಹಳೆಯ ಪುಸ್ತಕವನ್ನು ಪೆನ್ಸಿಲ್ ಹಿಡಿದು ಮತ್ತೆ ಓದಬೇಕು. ಹೆಸರು, ವಯಸ್ಸು, ಗಾಯದ ಗುರುತು, ಮನೆಯ ಬಾಗಿಲ ದಿಕ್ಕು, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳಬೇಕು. ಕೊನೆಯದು ನಮ್ಮಲ್ಲಿ ಬಹಳ ಮುಖ್ಯ. ಮೊದಲ ಪುಸ್ತಕದಲ್ಲಿ 'ಕಾಕಾ' ಆಗಿದ್ದವನು ಎರಡನೆಯದರಲ್ಲಿ 'ಮಾವ' ಆದರೆ ಇಡೀ ಬಳಗದ ಸಂಬಂಧವೇ ಕಲಸಿಹೋಗುತ್ತದೆ.

ಪಾತ್ರದ ಸ್ವಭಾವ ಬದಲಾಗಬಹುದಾ?

ಆಗಬಹುದು. ಆದರೆ ಆ ಬದಲಾವಣೆಯನ್ನು ಓದುಗರು ನಂಬಬೇಕು. ಇದಕ್ಕೆ ಈ ಕಾಲದ ದೊಡ್ಡ ಉದಾಹರಣೆ ಅಮೆರಿಕದ ಲೇಖಕಿ ಹಾರ್ಪರ್ ಲೀ. ಅವರ 1960ರ ಕಾದಂಬರಿಯಲ್ಲಿ ವಕೀಲ ಆಟಿಕಸ್ ಫಿಂಚ್, ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯನ ಪರ ನಿಲ್ಲುತ್ತಾನೆ. ಲಕ್ಷಾಂತರ ಓದುಗರಿಗೆ ಅವನು ನ್ಯಾಯಕ್ಕೆ ಇನ್ನೊಂದು ಹೆಸರಾದ. 2015ರಲ್ಲಿ ಅವರ ಎರಡನೆಯ ಪುಸ್ತಕ ಬಂತು. ಅದರಲ್ಲಿ ಮಗಳು ಬೆಳೆದು ದೊಡ್ಡವಳಾಗಿ ಊರಿಗೆ ಬರುತ್ತಾಳೆ. ಮುದುಕನಾದ ಅಪ್ಪ, ಕಪ್ಪು ಮತ್ತು ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಕೂರುವುದನ್ನು ವಿರೋಧಿಸುವವರ ಜೊತೆ ಇರುವುದನ್ನು ನೋಡುತ್ತಾಳೆ. ಎಷ್ಟೋ ಓದುಗರಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ.

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. 2015ರಲ್ಲಿ ಬಂದರೂ ಆ ಪುಸ್ತಕ ಬರೆದದ್ದು ಮೊದಲೇ, 1950ರ ದಶಕದಲ್ಲಿ. ಅದನ್ನು ಓದಿದ ಸಂಪಾದಕಿಯ ಸಲಹೆಯಂತೆ ಲೀ ಮತ್ತೆ ಮತ್ತೆ ತಿದ್ದಿ ಬರೆದಾಗ 1960ರ ಕಾದಂಬರಿ ಹುಟ್ಟಿತು. ಅಂದರೆ ಓದುಗರು ಮುಂದಿನ ಭಾಗ ಎಂದು ಕೈಗೆತ್ತಿಕೊಂಡದ್ದು ನಿಜವಾಗಿ ಹಳೆಯ ಕರಡು. ಆಟಿಕಸ್ ಬದಲಾದನಾ, ಅಥವಾ ಲೇಖಕಿಯ ಮನಸ್ಸಿನಲ್ಲಿ ಅವನು ಮೊದಲು ಹಾಗೇ ಇದ್ದನಾ? ಪುಸ್ತಕ ಪ್ರಕಟವಾದ ವರ್ಷ ಮತ್ತು ಬರೆದ ವರ್ಷ ಎರಡನ್ನೂ ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ನಮ್ಮ ಶರಣಮ್ಮನಿಗೂ ಇದೇ ಅಳತೆ. ಮನೆಯವರನ್ನು ಎದುರಿಸಿ ಬಸ್ಸು ಹತ್ತಿದವಳು 43ಕ್ಕೆ ತನ್ನ ಮಗಳನ್ನು ಮನೆಯಲ್ಲೇ ಕಟ್ಟಿಹಾಕುವ ತಾಯಿ ಆಗಬಹುದು. ಬದುಕಿನಲ್ಲಿ ಹಾಗಾಗುವುದನ್ನು ನೋಡಿದ್ದೇವೆ. ಆದರೆ ಪುಸ್ತಕದಲ್ಲಿ ಅದು ಆಗಬೇಕಾದರೆ ನಡುವೆ ಏನು ನಡೆಯಿತು ಎಂಬುದರ ಸುಳಿವು ಬೇಕು. ಸುಳಿವೇ ಇಲ್ಲದಿದ್ದರೆ ಓದುಗರು 'ಇವಳು ನಮ್ಮ ಶರಣಮ್ಮ ಅಲ್ಲ' ಎಂದುಬಿಡುತ್ತಾರೆ. ಹಾಗೆ ಅನ್ನುವ ಅಧಿಕಾರ ಅವರಿಗಿದೆ.

ಪಾತ್ರದ ಮೇಲೆ ಹಕ್ಕು ಯಾರದು?

ಭಾರತದಲ್ಲಿ ಇದನ್ನು 1957ರ ಕಾಪಿರೈಟ್ ಕಾಯ್ದೆ ನೋಡಿಕೊಳ್ಳುತ್ತದೆ. ಬರೆದವರೇ ಮೊದಲ ಹಕ್ಕುದಾರರು. ಅವರು ಬದುಕಿರುವವರೆಗೆ, ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ, ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು 2023ರ ಕೊನೆಗೆ ಮುಗಿದಿದೆ. ಲೇಖಕರು ಹೋದ ಮೇಲೆ ಪ್ರಕಟವಾದ ಪುಸ್ತಕಕ್ಕೆ ಆ 60 ವರ್ಷವನ್ನು ಪ್ರಕಟಣೆಯಿಂದ ಎಣಿಸುತ್ತಾರೆ.

ತಮ್ಮದೇ ಪಾತ್ರಕ್ಕೆ ಮರಳುವ ಲೇಖಕರಿಗೆ ಸಾಮಾನ್ಯವಾಗಿ ಯಾರ ಅನುಮತಿಯೂ ಬೇಕಾಗುವುದಿಲ್ಲ. ಆದರೆ ಹಕ್ಕನ್ನು ಮೊದಲೇ ಬೇರೆಯವರಿಗೆ ಬರೆದುಕೊಟ್ಟಿದ್ದರೆ? ಪ್ರಕಾಶಕರ ಜೊತೆ ಅಥವಾ ಸಿನಿಮಾದವರ ಜೊತೆ ಮಾಡಿಕೊಂಡ ಒಪ್ಪಂದದ ಕಾಗದವನ್ನು ತೆಗೆದು ಓದಲೇಬೇಕು. ಹಕ್ಕು ವಹಿಸಿಕೊಟ್ಟ ಕಾಗದದಲ್ಲಿ ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಸಿನಿಮಾಕ್ಕೆ ಕೊಡುವಾಗ 'ಕಥೆ ಮತ್ತು ಪಾತ್ರಗಳು' ಎಂದು ಬರೆದಿದೆಯೇ, ಮುಂದಿನ ಭಾಗದ ಮಾತು ಇದೆಯೇ ಎಂದು ಸಹಿ ಹಾಕುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಹೊಸ ಲೇಖಕರು ಇದನ್ನು ಒಬ್ಬ ವಕೀಲರಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ಇನ್ನೊಬ್ಬರ ಪಾತ್ರ ತೆಗೆದುಕೊಂಡು ಬರೆಯುವುದು ಬೇರೆ ಮಾತು. ಬರೀ ಹೆಸರಿಗೆ ಕಾಪಿರೈಟ್ ಸಿಗುವುದು ಕಷ್ಟ. ಆದರೆ ಚೆನ್ನಾಗಿ ಮೂಡಿಬಂದ ಪಾತ್ರವನ್ನೂ ಅದರ ಕಥೆಯನ್ನೂ ಎತ್ತಿಕೊಂಡರೆ ಕೋರ್ಟು ಒಂದೊಂದು ಪ್ರಕರಣವನ್ನು ಬೇರೆ ಬೇರೆಯಾಗಿ ನೋಡುತ್ತದೆ. ಹಕ್ಕು ಇನ್ನೂ ಇರುವ ಪುಸ್ತಕವಾದರೆ ಕೇಳಿಯೇ ಬರೆಯಬೇಕು.

ಯಾವುದನ್ನು ಮೊದಲು ಓದಬೇಕು?

ಪ್ರಕಟವಾದ ಕ್ರಮದಲ್ಲಿ ಓದುವುದು ಹೆಚ್ಚಿನ ಸಲ ಸರಿಯಾದ ದಾರಿ. ಪೂರ್ವಕಥೆ ಹಿಂದಿನ ಕಾಲದ್ದು ಎಂದು ಅದನ್ನೇ ಮೊದಲು ಓದಿದರೆ, ಲೇಖಕರು ಅಡಗಿಸಿಟ್ಟದ್ದು ಮೊದಲೇ ಬಯಲಾಗುತ್ತದೆ. ಪೂರ್ವಕಥೆ ಬರೆದವರು, ಓದುಗರು ಮೊದಲ ಪುಸ್ತಕ ಓದಿದ್ದಾರೆ ಎಂದುಕೊಂಡೇ ಬರೆದಿರುತ್ತಾರೆ. ಐತಿಹಾಸಿಕ ಮಾಲೆಗಳಲ್ಲಿ ಮಾತ್ರ ಕಾಲದ ಕ್ರಮದಲ್ಲಿ ಓದಿದರೂ ನಡೆಯುತ್ತದೆ. ಇತಿಹಾಸದ ಕೊನೆ ಹೇಗೂ ಗೊತ್ತಿರುತ್ತದಲ್ಲ.

ಹಳೆಯ ಪುಸ್ತಕ ಅಂಗಡಿಯಲ್ಲಿ ಸಿಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಲೇಖಕರ ಹೆಸರು ಹೇಳಿ ಕೇಳಿ. ಕನ್ನಡ ವಿಭಾಗ ಇರುವ ಕಾಲೇಜುಗಳ ಗ್ರಂಥಾಲಯದಲ್ಲೂ ವಿಚಾರಿಸಬಹುದು. ಕೈಗೆ ಸಿಕ್ಕಾಗ ಮೊದಲ ಪುಟಗಳಲ್ಲಿ ಮುದ್ರಣದ ವಿವರ ನೋಡಿ. ಎರಡನೆಯ ಭಾಗ ಬರೆಯುವ ಹೊತ್ತಿಗೆ ಕೆಲವು ಲೇಖಕರು ಮೊದಲನೆಯದರ ಹೊಸ ಮುದ್ರಣವನ್ನು ಅಲ್ಲಲ್ಲಿ ತಿದ್ದಿರುತ್ತಾರೆ. ಹಾಗಿದ್ದರೆ ತಿದ್ದಿದ ಮುದ್ರಣವನ್ನೇ ಓದಿ, ಹೊಸ ಪುಸ್ತಕ ಹೊಂದುವುದು ಅದಕ್ಕೇ.